ದಿನಚರಿ: ಮುಂಗಾರು ಮಳೆಯನ್ನು ಆರ್‌ನಲ್ಲಿ ನಕ್ಷೆಗೆ ಇಳಿಸುವಾಗ

12 ಜುಲೈ 2024, ಶುಕ್ರವಾರ

ಇವತ್ತಿನ ಕೆಲಸ ಭಾರತೀಯ ಹವಾಮಾನ ಇಲಾಖೆಯ 2023ರ ದೈನಿಕ ಮಳೆ ಗ್ರಿಡ್ (ದೇಶವನ್ನು ಚೌಕಗಳಾಗಿ ಹಂಚಿ, ಚೌಕಕ್ಕೊಂದು ಮಳೆ ಅಂಕಿ ಕೊಟ್ಟ ಮಾಹಿತಿ). ಅದನ್ನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಕ್ಷೆ ಮಾಡಬೇಕು. ಚೌಕದ ಅಳತೆ 0.25 ಡಿಗ್ರಿ, ಅಡ್ಡಕ್ಕೆ 135 ಚೌಕ, ಉದ್ದಕ್ಕೆ 129. ಬೈನರಿ ಫೈಲಿನಲ್ಲಿ ಬರೀ ಅಂಕಿಗಳು, ಒಂದೊಂದಕ್ಕೂ 4 ಬೈಟ್. ಹಾಗಾಗಿ 365 ದಿನದ ಫೈಲು 2,54,25,900 ಬೈಟ್ ಇರಲೇಬೇಕು. ಕಮ್ಮಿಯಿದ್ದರೆ ಡೌನ್‌ಲೋಡ್ ಪೂರ್ತಿಯಾಗಿಲ್ಲ.

ರೀಡ್‌ಬಿನ್‌ನಿಂದ (ಬೈನರಿ ಫೈಲು ಓದುವ ಆರ್ ಆದೇಶ) ಓದಿಸಿದ ಕೂಡಲೇ −999 ಇರುವಲ್ಲೆಲ್ಲ, ಅಂದರೆ ಮಾಹಿತಿಯಿಲ್ಲದ ಚೌಕಗಳಲ್ಲಿ, ಎನ್‌ಎ (ಆರ್‌ನಲ್ಲಿ ‘ಅಂಕಿ ಇಲ್ಲ’ದ ಗುರುತು) ಹಾಕಬೇಕು. ಮರೆತರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನ ಕೂಡಿದಾಗ ಅರಬ್ಬಿ ಸಮುದ್ರದ ಮೇಲೆ −1,21,878 ಮಿ.ಮೀ. ಮಳೆ! ಬಣ್ಣದ ಪಟ್ಟಿಯೆಲ್ಲ ಅದಕ್ಕೇ ಖರ್ಚಾಗಿ ನೆಲ ಪೂರ್ತಿ ಒಂದೇ ಬಣ್ಣಕ್ಕೆ ತಿರುಗುತ್ತದೆ.

ಫೈಲಿನ ಸಾಲುಗಳು ದಕ್ಷಿಣದಿಂದ ಶುರು, ಆರ್‌ನ ನಕ್ಷೆ ಪ್ಯಾಕೇಜ್ ಟೆರ್ರಾ ತುಂಬುವುದು ಉತ್ತರದಿಂದ. ಫ್ಲಿಪ್ ಮಾಡಿ ಸಾಲುಗಳನ್ನು ಮೇಲೆಕೆಳಗೆ ತಿರುಗಿಸದಿದ್ದರೆ ದೇಶ ತಲೆಕೆಳಗು. ಅದಾದರೂ ಕಣ್ಣಿಗೆ ಬೀಳುತ್ತದೆ; ಬೀಳದ ತಪ್ಪು ಗಡಿಯದು. 66.5 ಮತ್ತು 100 ಡಿಗ್ರಿ ರೇಖಾಂಶಗಳು ಚೌಕದ ನಡುಬಿಂದುಗಳು, ಅಂಚುಗಳಲ್ಲ. ಎಕ್ಸ್‌ಟೆಂಟ್ (ನಕ್ಷೆಯ ಹೊರ ಗಡಿ) ರೇಖಾಂಶ 66.375ರಿಂದ 100.125, ಅಕ್ಷಾಂಶ 6.375ರಿಂದ 38.625 ಎಂದೇ ಕೊಡಬೇಕು. ಆಮೇಲೆ ಚೌಕದ ಅಳತೆ ಹೇಳುವ ರೆಸ್ ಆದೇಶ ಕೊಟ್ಟು ನೋಡಿ: 0.25 ಬರದೆ 0.248 ಬಂದರೆ ನಡುಬಿಂದುವನ್ನೇ ಅಂಚು ಮಾಡಿದ್ದೀರಿ.

ನಮ್ಮ ಅಕ್ಷಾಂಶದಲ್ಲಿ ಒಂದು ಚೌಕ ಸುಮಾರು 750 ಚದರ ಕಿ.ಮೀ. ಬೆಂಗಳೂರು ನಗರ ಜಿಲ್ಲೆಗೆ ದಕ್ಕುವುದು ಮೂರು ಚೌಕದಷ್ಟೇ ಜಾಗ. ನಡುಬಿಂದು ಒಳಗಿರುವ ಚೌಕಗಳನ್ನಷ್ಟೇ ಎಣಿಸಿದರೆ ಸರಾಸರಿಗೆ ಅರ್ಥವಿಲ್ಲ. ಜಿಲ್ಲೆಯೊಳಗಿನ ಅಂಕಿ ತೆಗೆಯುವ ಎಕ್ಸ್‌ಟ್ರಾಕ್ಟ್‌ ಆದೇಶದಲ್ಲಿ ಎಕ್ಸಾಕ್ಟ್ ಆಯ್ಕೆ ಹಾಕಿ, ಪ್ರತಿ ಚೌಕ ಜಿಲ್ಲೆಯೊಳಗೆ ಎಷ್ಟು ಪಾಲು ಬಿದ್ದಿದೆಯೋ ಅಷ್ಟೇ ತೂಕ ಕೊಡಬೇಕು.

ಘಟ್ಟದ ಅಂಚನ್ನು ಬೈಲಿನಿಯರ್‌ನಿಂದ (ಅಕ್ಕಪಕ್ಕದ ಚೌಕಗಳ ಅಂಕಿಗಳನ್ನು ಬೆರೆಸುವ ವಿಧಾನ) ನುಣುಪು ಮಾಡುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ಆಗುಂಬೆಯಿಂದ ಮೂಡಣಕ್ಕೆ ಹೋದಂತೆ ಮಳೆ ಸರ್ರನೆ ಇಳಿಯುತ್ತದೆ, ಆ ಇಳಿತ ಒಂದೆರಡು ಚೌಕದಲ್ಲೇ ಮುಗಿಯುತ್ತದೆ. ನುಣುಪು ಮಾಡಿದ ನಕ್ಷೆ ಮಾಹಿತಿಯಲ್ಲಿಲ್ಲದ ವಿವರ ತೋರಿಸುತ್ತದೆ. ಚೌಕ ಚೌಕವಾಗಿಯೇ ಇರಲಿ.

ಬಣ್ಣಕ್ಕೆ ವಿರಿಡಿಸ್ ಎಂಬ ಬಣ್ಣಪಟ್ಟಿ, ಅದನ್ನು ತಿರುಗಿಸಲು ಡೈರೆಕ್ಷನ್ −1, ಆಗ ಹೆಚ್ಚು ಮಳೆಗೆ ಕಡು ಬಣ್ಣ. ಒಂದೇ ಸಮನಾದ ಅಳತೆಪಟ್ಟಿ ಕೊಟ್ಟರೆ ಕರಾವಳಿಯ ಅಂಕಿಗಳ ಎದುರು ಚಿತ್ರದುರ್ಗ, ರಾಯಚೂರುಗಳ ವ್ಯತ್ಯಾಸ ಅಳಿಸಿಹೋಗುತ್ತದೆ. 300, 500, 750, 1000, 2000, 3000 ಮಿ.ಮೀ.ಗೆ ಮುರಿದರೆ ಬಯಲುಸೀಮೆಯೂ ಕಾಣುತ್ತದೆ.

ಕನ್ನಡ ಹೆಸರುಗಳಿಗೆ ಫಾಂಟ್ ಪ್ಯಾಕೇಜ್ ಶೋಟೆಕ್ಸ್ಟ್ ಸಾಲದು, ‘ಚಿಕ್ಕಮಗಳೂರು’ ಬರೆದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ನಕ್ಷೆ ಉಳಿಸುವ ಜಿಜಿಸೇವ್‌ ಆದೇಶಕ್ಕೆ ರ್‍ಯಾಗ್ ಪ್ಯಾಕೇಜಿನ ಪಿಎನ್‌ಜಿ ಡಿವೈಸ್ ಕೊಟ್ಟು, ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದರೆ ಅಕ್ಷರ ಸರಿಯಾಗಿ ಕೂರುತ್ತದೆ.