ದೋಣಿ ಹೊಸಾದೋ, ಹಳೇದೋ?

ಬೀದರ್ ಜಿಲ್ಲೆಯ ಕಾರಂಜಾ ಹಿನ್ನೀರಿನ ದಂಡೆಯಲ್ಲಿ ನನ್ನ ಅಲ್ಯುಮಿನಿಯಂ ದೋಣಿ ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ. ಹೋದ ವಾರ ಭಾಲ್ಕಿ ಕಡೆಯ ಹುಡುಗನೊಬ್ಬ ಬಂದು ಫೋನಿನಲ್ಲಿ ಫೋಟೊ ತೋರಿಸಿದ. “ಕಾಕಾ, ಇದು ಹಳೇದು, ಇಂಜಿನ್ ಸಮೇತ ಕೊಡ್ತಾರಂತ. ತಗೊಳ್ಲಾ? ಇಲ್ಲಾ ಹೊಸಾದೇ ಮಾಡಿಸ್ಲಾ?” ಫೋಟೊದಲ್ಲಿ ದೋಣಿ ನೀಲಿ ಬಣ್ಣ ಹಚ್ಚಿಕೊಂಡು ಮದುಮಗನ ಹಾಗೆ ನಿಂತಿತ್ತು. ಬಣ್ಣ ನೋಡಿ ಹೇಳಲಿಕ್ಕೆ ಆಗಲ್ಲಪ್ಪಾ ಎಂದೆ.

ನನ್ನ ಉತ್ತರ ಇದು: ದೋಣಿ ಹಳೆಯದಾದರೂ ನಡೆದೀತು, ಇಂಜಿನ್ ಮಾತ್ರ ಹೊಸದಿರಲಿ.

ಅಲ್ಯುಮಿನಿಯಮ್ಮೇ ಯಾಕೆ ಎಂದು ಕೇಳುವವರೂ ಇದ್ದಾರೆ. ನಮ್ಮ ಮಂದಿ ಹರಿಗೋಲಿನಲ್ಲಿ ಬೆಳೆದವರು, ಈಗ ಫೈಬರ್ ದೋಣಿಗಳೂ ಬಂದಿವೆ. ಕಾರಂಜಾ 7.69 ಟಿಎಂಸಿಯ ಜಲಾಶಯ. ಆದರೆ ಬೇಸಿಗೆಯಲ್ಲಿ ನೀರು ಇಳಿಯುತ್ತ ಹೋದಂತೆ ಮುಳುಗಡೆ ಹೊಲಗಳ ಬದುವಿನ ಕಲ್ಲು, ಜಾಲಿ ಬೊಡ್ಡೆ ನೀರಿನ ಕೆಳಗೆ ಮೊಳದಷ್ಟರಲ್ಲೇ ಕಾದಿರುತ್ತವೆ. ಅಂಥ ಕಲ್ಲಿಗೆ ತಾಗಿದರೆ ಫೈಬರ್ ಸೀಳುತ್ತದೆ, ಅಲ್ಯುಮಿನಿಯಂ ತಗ್ಗು ಬೀಳುತ್ತದೆ. ತಗ್ಗು ಬಿದ್ದ ದೋಣಿ ಮನೆಗೆ ಬರುತ್ತದೆ. ಮೇಲಾಗಿ 14 ಅಡಿಯ ದೋಣಿ ಇಂಜಿನ್ ಬಿಟ್ಟರೆ ನೂರು ಕಿಲೋದ ಆಚೀಚೆ ಇರುತ್ತದೆ. ನೀರು ಹಿಂದೆ ಸರಿದ ಹಾಗೆಲ್ಲ ನಾಲ್ಕು ಜನ ಹಿಡಿದು ಕೆಸರು ದಾಟಿಸಬಹುದು.

ಸ್ಟೇರಿಂಗ್ ಚಕ್ರದ ದೋಣಿ ನೋಡಲು ಚಂದ. ಬಲೆ ಎತ್ತುವವರಿಗೆ ಮಾತ್ರ ಅದು ಬೇಡ. ಚಕ್ರ ಇದ್ದರೆ ನಡುವಿನ ಜಾಗ ಹೋಯಿತು, ಕೇಬಲ್ ಬೇರೆ ಬಂತು, ಅದು ನೀರಿನ ನಡುವೆಯೇ ಕಡಿಯುತ್ತದೆ. ಹಿಂದಿನ ಹಲಗೆಗೆ ಕೂರಿಸಿ ಹಿಡಿಕೆಯಿಂದಲೇ ತಿರುಗಿಸುವ ಹ್ಯಾಂಡಲ್ ಇಂಜಿನ್ ಆದರೆ ಒಬ್ಬ ಮುಂದೆ ಕೂತು ಬಲೆ ಎಳೆಯುತ್ತಾನೆ, ಹಿಂದಿನವ ಮಣಿಕಟ್ಟು ತಿರುವಿ ದೋಣಿಯನ್ನು ಬಲೆಗೆ ತಕ್ಕ ಹಾಗೆ ಅಂಗೈ ಅಗಲದಷ್ಟು ಸರಿಸುತ್ತಾನೆ. ಹ್ಯಾಂಡಲ್ ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ, ಎರಡು ದಿನದಲ್ಲಿ ಕೈಗೆ ರೂಢಿಯಾಗುತ್ತದೆ. ಒಬ್ಬರೇ ಹೋದಾಗ ಇಂಜಿನ್ ಭಾರ, ಮೈಭಾರ ಎರಡೂ ಹಿಂದೆ ಬಿದ್ದು ಮೂತಿ ಮೇಲೇಳುತ್ತದೆ. ಆಗ ನಾನು 20 ಲೀಟರಿನ ನೀರಿನ ಕ್ಯಾನ್ ತುಂಬಿಸಿ ಮುಂದೆ ಇಡುತ್ತೇನೆ. ಇಂಜಿನ್ ಬಂದ್ ಮಾಡುವ ಕೆಂಪು ಹುರಿಯನ್ನು ಮಣಿಕಟ್ಟಿಗೆ ಕಟ್ಟದೆ ಹಗ್ಗ ಬಿಚ್ಚಬೇಡಿ. ಹುರಿ ಇಲ್ಲದೆ ಹಿಡಿದವನು ನೀರಿಗೆ ಬಿದ್ದರೆ ಇಂಜಿನ್ ನಿಲ್ಲದೆ ದೋಣಿ ಅಲ್ಲೇ ಸುತ್ತು ಹೊಡೆದು, ತಿರುಗುವ ಪಂಕದ (ಪ್ರೊಪೆಲ್ಲರ್) ಸಮೇತ ಅವನ ಮೇಲೆಯೇ ಬರುತ್ತದೆ.

ಇನ್ನು ಹಳೆಯ ದೋಣಿ. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ನನ್ನ ಮೊದಲ ದೋಣಿಯನ್ನೂ ಬಣ್ಣ ನೋಡಿಯೇ ತಂದಿದ್ದೆ. ಇಂಜಿನ್ ಕೂರುವ ಹಿಂದಿನ ಹಲಗೆಗೆ ಹೊರಗೆ ಅಲ್ಯುಮಿನಿಯಂ ತಗಡು, ಒಳಗೆ ಪ್ಲೈವುಡ್ ಇರುತ್ತದೆ. ಎರಡನೇ ತಿಂಗಳು ಇಂಜಿನ್ ನಡುಗುತ್ತಿದೆ ಎಂದು ಬೋಲ್ಟ್ ಬಿಗಿ ಮಾಡಲು ಹೋದರೆ ವಾಷರೇ ಒಳಗೆ ಹೂತುಹೋಯಿತು. ಬೋಲ್ಟ್ ತೆಗೆದು ತೂತಿಗೆ ಸ್ಕ್ರೂಡ್ರೈವರ್ ಹಾಕಿದೆ. ನೆನೆದ ರೊಟ್ಟಿಗೆ ಬೆರಳು ಹೋದಂತೆ ಹೋಯಿತು, ಹೊರಗೆ ಬಂದಾಗ ತುದಿಗೆ ಕರಿ ಹೊಟ್ಟು, ಕೊಳೆತ ವಾಸನೆ. ಮಾರಿದವನು ಅದರ ಮೇಲೆ ತಗಡು ಹೊದಿಸಿ ಬಣ್ಣ ಬಳಿದಿದ್ದ. ಆದ್ದರಿಂದ ಮೊದಲು ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ಬಡಿದು ಕೇಳಿ. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಬಿಡಿ. ಆಮೇಲೆ ಇಂಜಿನ್ ತಲೆ ಹಿಡಿದು ಮೇಲೆ ಕೆಳಗೆ ಜಗ್ಗಿ. ಹಲಗೆ ಬಾಗಿದರೆ ಕೈ ಮುಗಿದು ಬನ್ನಿ.

ಎರಡನೆಯದು ಹಿತ್ತಾಳೆ, ತಾಮ್ರ. ಯಾರೋ ಹಿತ್ತಾಳೆ ಸ್ಕ್ರೂ ಹಾಕಿದ್ದರೆ ಅದರ ಸುತ್ತ ಬಿಳಿ ಪುಡಿ ಎದ್ದು ಅಲ್ಯುಮಿನಿಯಂ ಸವೆದಿರುತ್ತದೆ. ಬೀದರಿನವರಿಗೆ ಇದು ಬೇಗ ತಿಳಿಯಬೇಕು. ಬಿದ್ರಿ ಕೆಲಸದವರು ಕೋಟೆಯ ಮಣ್ಣು, ನವಸಾಗರ ಹಚ್ಚಿದಾಗ ಸತುವಿನ ಮೈ ಕರ‍್ರಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಂದೇ ನೀರಿಗೆ ಎಲ್ಲ ಲೋಹವೂ ಒಂದೇ ಥರ ಬಾಳುವುದಿಲ್ಲ. ದೋಣಿಗೆ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕಿ, ತಾಮ್ರದ ಚಿಲ್ಲರೆ ತುಂಡನ್ನೂ ಒಳಗೆ ಬೀಳಲು ಬಿಡಬೇಡಿ.

ಸೋರಿಕೆ ನೋಡಲು ದೋಣಿಯನ್ನು ಹಳೆಯ ಟಯರುಗಳ ಮೇಲಿಟ್ಟು ಒಳಗೆ ನಾಲ್ಕು ಬೆರಳು ನೀರು ಹಾಕಿ. ಅದಕ್ಕಿಂತ ಹೆಚ್ಚು ಬೇಡ, ಭಾರಕ್ಕೆ ತಳ ಬಾಗುತ್ತದೆ. ಅರ್ಧ ತಾಸಿನಲ್ಲಿ ಹೊರಗೆ ಎಲ್ಲೆಲ್ಲಿ ಹನಿ ಮೂಡುತ್ತದೋ ಅಲ್ಲೆಲ್ಲ ಸುಣ್ಣದ ಕಡ್ಡಿಯಿಂದ ಗುಂಡಗೆ ಗುರುತು ಮಾಡಿ. ಸಡಿಲಾದ ರಿವಿಟನ್ನು ಬಡಿದು ಬಿಗಿ ಮಾಡಬಹುದು, ಇಲ್ಲವೇ ಗಟ್ಟಿ ಅಲ್ಯುಮಿನಿಯಂ ರಿವಿಟ್ ಹೊಸದಾಗಿ ಹಾಕಬಹುದು. ಬೆಸುಗೆಯೇ ಬಿರಿದಿದ್ದರೆ ಆರ್ಗಾನ್ ವೆಲ್ಡಿಂಗ್ ಬಲ್ಲವರು ಬೇಕು. ಎಮ್-ಸೀಲ್ ಮೆತ್ತಿದ ಜಾಗ ಎಲ್ಲೇ ಕಂಡರೂ ಅದನ್ನು ಕೆರೆದು ತೋರಿಸಲು ಹೇಳಿ.

ಹಳೆಯ ಇಂಜಿನ್ ಬೇಡ ಎನ್ನುವುದಕ್ಕೆ ಕಾರಣ, ಅದರ ರೋಗ ಹೊರಗೆ ಕಾಣುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಇಂಜಿನ್ನಿನ ಕಾರ್ಬೊರೇಟರ್ ಅಂಟುಗಟ್ಟಿರುತ್ತದೆ. ಹಳೆಯದೇ ಗತಿ ಎಂದಾದರೆ ಗೇರ್ ಆಯಿಲ್ ಎರಡು ಹನಿ ಇಳಿಸಿ ನೋಡಿ. ಅದು ಹಾಲು ಬೆರೆಸಿದ ಚಹಾದಂತಿದ್ದರೆ ಒಳಗೆ ನೀರು ಸೇರಿದೆ. ಹೊಸ ಇಂಜಿನ್ ತರುವ ಮೊದಲು ಹಲಗೆಯ ಎತ್ತರ ಅಳೆಯಿರಿ: 15 ಇಂಚಿಗೆ ಶಾರ್ಟ್ ಶಾಫ್ಟ್, 20 ಇಂಚಿಗೆ ಲಾಂಗ್ ಶಾಫ್ಟ್. ಶಾಫ್ಟ್ ಅಂದರೆ ಇಂಜಿನ್ನಿನಿಂದ ಪಂಕದವರೆಗೆ ನೀರಿಗಿಳಿಯುವ ಕಾಲು. ಗಿಡ್ಡಾದರೆ ಪಂಕ ಗಾಳಿ ಎಳೆಯುತ್ತದೆ, ಉದ್ದಾದರೆ ಕಲ್ಲಿಗೆ ಮೊದಲು ಅದೇ ತಾಗುತ್ತದೆ.

ಪೂರ್ತಿ ಹೊಸದೇ ಬೇಕು ಎನ್ನುವ ಮೀನುಗಾರರು ಮೊದಲು ಮೀನುಗಾರಿಕೆ ಇಲಾಖೆಗೆ ಹೋಗಿ ಬನ್ನಿ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚದ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60ರ ಸಹಾಯಧನದ ಲೆಕ್ಕ ಇಟ್ಟಿದ್ದರು. ದೋಣಿ ತಂದ ಮೇಲೆ ಕೇಳುವುದಲ್ಲ, ತರುವ ಮೊದಲೇ ಕೇಳಿ.

ನಿನ್ನೆ ಸಂಜೆ ಆ ಹುಡುಗ ಫೋನ್ ಮಾಡಿದ್ದ. “ಕಾಕಾ, ಹಲಗೆ ಠಣ್ ಅಂತದ. ಸುಣ್ಣದ ಗುರುತು ಮೂರೇ ಬಿದ್ದಾವ.” ಮೂರು ರಿವಿಟ್ ಅಂದ್ರ ಒಂದು ಮುಂಜಾನೆ ಕೆಲಸ, ಇಂಜಿನ್ ಬಿಟ್ಟು ಬರೀ ದೋಣಿಗಷ್ಟೇ ರೇಟ್ ಮಾತಾಡು ಎಂದೆ.