ಬಿಸಿಎಂ ಕೆಟ್ಟಿದೆ ಅಂತ ತೀರ್ಮಾನಿಸುವ ಮುಂಚೆ: ಹಳೆಯ ಪಿಕಪ್ ಟ್ರಕ್ಕಿನ ಬಾಡಿ ಕಂಟ್ರೋಲ್ ಮಾಡ್ಯೂಲ್

ವೈಪರ್ ತಾನಾಗಿ ಓಡತೊಡಗುತ್ತದೆ, ಬಾಗಿಲು ಹಾಕಿದರೂ ಒಳಗಿನ ಲೈಟ್ ಆರುವುದಿಲ್ಲ, ಸಂಜೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಗ್ಗೆ ಖಾಲಿ. ಹಳೆಯ ಪಿಕಪ್ ಟ್ರಕ್ಕಿನಲ್ಲಿ ಇವೆಲ್ಲ ಒಟ್ಟಿಗೆ ಶುರುವಾದರೆ ಎಲ್ಲರೂ ಬೆರಳು ತೋರಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ (ಬಿಸಿಎಂ) ಕಡೆಗೆ, ಅಂದರೆ ಲೈಟು, ಲಾಕು ಇಂಥವನ್ನು ನಡೆಸುವ ಸಣ್ಣ ಕಂಪ್ಯೂಟರ್ ಕಡೆಗೆ. ಆದರೆ ಬಿಸಿಎಂ ತೆಗೆದು ಹೊಸದು ಕೂರಿಸುವುದು ಈ ಕೆಲಸದ ಅತ್ಯಂತ ಸುಲಭದ ಭಾಗ. ಕಷ್ಟ ಇರುವುದು ಎರಡು ಕಡೆ: ಕೆಟ್ಟಿರುವುದು ಅದೇ ಅಂತ ಖಚಿತ ಮಾಡಿಕೊಳ್ಳುವುದರಲ್ಲಿ, ಮತ್ತು ಹೊಸ ಮಾಡ್ಯೂಲಿಗೆ ಗಾಡಿಯ ಗುರುತು ಕಲಿಸುವುದರಲ್ಲಿ. ಮೊದಲನೆಯದಕ್ಕೆ ಸಮಯ ಕೊಡದವರು ಎರಡನೆಯದರ ಖರ್ಚನ್ನು ಸುಮ್ಮನೆ ಹೊರುತ್ತಾರೆ.

ಬಾಗಿಲಿನ ಸ್ವಿಚ್, ಲೈಟ್ ಸ್ವಿಚ್, ವೈಪರ್ ಕಡ್ಡಿ, ಇಗ್ನಿಷನ್ ಕೀ ಇವುಗಳಿಂದ ಬಿಸಿಎಂ ಸುದ್ದಿ ಪಡೆಯುತ್ತದೆ. ಅದಕ್ಕೆ ತಕ್ಕಂತೆ ಲೈಟು, ಡೋರ್ ಲಾಕು, ಹಾರ್ನು, ಕೆಲವು ಗಾಡಿಗಳಲ್ಲಿ ವೈಪರನ್ನೂ ನಡೆಸುತ್ತದೆ. ಜೊತೆಗೆ ಕಳ್ಳತನ ತಡೆಯುವ ವ್ಯವಸ್ಥೆಯೂ ಬಹುಮಟ್ಟಿಗೆ ಅದರ ಕೈಯಲ್ಲೇ. ಹಾಗಾಗಿ ತಪ್ಪು ಸುದ್ದಿ ಒಳಗೆ ಬಂದರೆ ಸರಿಯಾಗಿರುವ ಬಿಸಿಎಂ ಕೂಡ ತಪ್ಪು ಕೆಲಸ ಮಾಡುತ್ತದೆ. ಚಾಲಕನ ಬಾಗಿಲಿನ ಲಾಕ್ ಒಳಗಿರುವ ಸಣ್ಣ ಸ್ವಿಚ್ ಅಂಟಿಕೊಂಡರೆ ಬಾಗಿಲು ತೆರೆದೇ ಇದೆ ಎಂದು ಬಿಸಿಎಂ ನಂಬುತ್ತದೆ. ಲೈಟ್ ಆರದು, ಮಾಡ್ಯೂಲ್ ಮಲಗದು (ಕರೆಂಟು ಉಳಿಸುವ ನಿದ್ರೆಗೆ ಹೋಗದು), ಬ್ಯಾಟರಿ ಇಳಿಯುತ್ತದೆ.

ಪರೀಕ್ಷೆ ಬ್ಯಾಟರಿಯಿಂದ ಶುರುವಾಗಲಿ. ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ. 12.4ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮುಂದಿನ ಮಾತು. ಎಂಜಿನ್ ಓಡುವಾಗ ಸುಮಾರು 13.8ರಿಂದ 14.6 ವೋಲ್ಟ್ ಬರಬೇಕು. ವೋಲ್ಟೇಜ್ ಕುಸಿದಾಗ ಮಾಡ್ಯೂಲ್‌ಗಳು ಒಂದರ ಮೇಲೊಂದು ಸಂಪರ್ಕ ತಪ್ಪಿದೆ ಎಂಬ ದೋಷ ಸಂಕೇತ (ಕೋಡ್) ಬರೆದುಕೊಳ್ಳುತ್ತವೆ. ಅವನ್ನು ಓದುವ ಸ್ಕ್ಯಾನರಿನಲ್ಲಿ ಯು (U) ಅಕ್ಷರದಿಂದ ಶುರುವಾಗುವ ಆ ಕೋಡುಗಳ ಸಾಲು ನೋಡಿ ಹೆದರಬೇಕಿಲ್ಲ. ಬರೆದಿಟ್ಟುಕೊಂಡು ಅಳಿಸಿ, ಯಾವುದು ಮರಳಿ ಬರುತ್ತದೆ ಅಂತ ಕಾಯಿರಿ.

ಮುಂದೆ ಬಿಸಿಎಂಗೆ ಬರುವ ಕರೆಂಟು ಮತ್ತು ಅರ್ಥ್. ಅತಿ ಹೆಚ್ಚು ಮೋಸ ಆಗುವುದು ಇಲ್ಲೇ. ಒಂದು ತಂತಿಯಲ್ಲಿ ಹತ್ತಾರು ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೊರೆ ಹಾಕಿದ ಕ್ಷಣ ಆ ವೋಲ್ಟೇಜ್ ಮಾಯ. ಆದ್ದರಿಂದ ವೈರಿಂಗ್ ನಕ್ಷೆ ನೋಡಿ ಬಿಸಿಎಂನ ಪ್ರತಿ ಫೀಡ್ (ಕರೆಂಟು ಬರುವ) ಪಿನ್ನಿಗೂ ಅದರ ಅರ್ಥ್ ಪಿನ್ನಿಗೂ ನಡುವೆ 21 ವಾಟಿನ ಇಂಡಿಕೇಟರ್ ಬಲ್ಬ್ ಹಚ್ಚಿ. ಅದು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಪೂರ್ತಿ ಬೆಳಕು ಬಂದರೆ ಸರಿ, ಮಂದವಾದರೆ ತಂತಿಯಲ್ಲೋ ಫ್ಯೂಸ್ ಹಿಡಿಕೆಯಲ್ಲೋ ದೋಷವಿದೆ. ಈ ಬಲ್ಬನ್ನು ಫೀಡ್ ಮತ್ತು ಅರ್ಥ್ ಪಿನ್ನುಗಳಿಗೆ ಬಿಟ್ಟರೆ ಬೇರೆಲ್ಲೂ ತಾಗಿಸಬೇಡಿ. ಸಿಗ್ನಲ್ ತಂತಿಗೆ ತಾಗಿಸಿದರೆ ಚೆನ್ನಾಗಿರುವ ಮಾಡ್ಯೂಲೂ ಸುಡಬಹುದು. ಹಳದಿ ಬಣ್ಣದ ಏರ್‌ಬ್ಯಾಗ್ ಕನೆಕ್ಟರುಗಳ ಹತ್ತಿರವಂತೂ ಮೀಟರನ್ನೂ ತರಬೇಡಿ. ಮೀಟರಿನ ದಪ್ಪ ಕಡ್ಡಿಯನ್ನು ಕನೆಕ್ಟರಿನ ಮುಂಭಾಗದಿಂದ ತುರುಕುವುದೂ ಬೇಡ. ಒಳಗಿನ ಟರ್ಮಿನಲ್ ಅಗಲವಾಗಿ ಆಮೇಲೆ ಬಿಟ್ಟು ಬಿಟ್ಟು ಬರುವ ಹೊಸ ದೋಷ ಹುಟ್ಟುತ್ತದೆ.

ಅರ್ಥ್ ಪರೀಕ್ಷಿಸುವಾಗ ಎಲ್ಲ ಕನೆಕ್ಟರ್ ಜೋಡಿಸಿ, ಹೆಡ್‌ಲೈಟು, ಬ್ಲೋವರ್ ಹಾಕಿ, ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ತುದಿ ಕನೆಕ್ಟರಿನ ಹಿಂಬದಿಯಿಂದ ಬಿಸಿಎಂನ ಅರ್ಥ್ ತಂತಿಗೆ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ. ಹಳೆಯ ಗಾಡಿಯಲ್ಲಿ ಬಿಸಿಎಂ ಸಮಸ್ಯೆ ಅಂತ ಬಂದದ್ದು ಈ ಒಂದು ಬೋಲ್ಟಿನಲ್ಲೇ ಮುಗಿದುಹೋಗುವುದು ಸಾಮಾನ್ಯ.

ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ನೆಟ್‌ವರ್ಕ್ ತಂತಿ ನೋಡದೆ ಮಾಡ್ಯೂಲ್ ತರಿಸಬಾರದು. ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಓಬಿಡಿ ಸಾಕೆಟ್ಟಿನಲ್ಲಿ 16ನೇ ಪಿನ್ ಬ್ಯಾಟರಿ ಫೀಡ್, 4 ಮತ್ತು 5 ಅರ್ಥ್. ಕ್ಯಾನ್ ಬಸ್ ಎಂಬ ಜೋಡಿ ತಂತಿಯ ನೆಟ್‌ವರ್ಕ್ ಆ ಸಾಕೆಟ್ಟಿಗೆ ನೇರವಾಗಿ ಬಂದಿರುವ ಗಾಡಿಯಾದರೆ ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಓಮ್ ಅಳೆಯಿರಿ. ಎರಡು ತುದಿಯಲ್ಲಿ ತಲಾ 120 ಓಮಿನ ರೆಸಿಸ್ಟರ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ಕಡೆ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. 2000ದ ಆಸುಪಾಸಿನ ಷೆವ್ರೊಲೆ ಸಿಲ್ವೆರಾಡೊ, ಜಿಎಂಸಿ ಸಿಯೆರಾದಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿರುವುದು ಕ್ಲಾಸ್ 2 ಎಂಬ ಒಂಟಿ ತಂತಿ, ಸಾಕೆಟ್ಟಿನ 2ನೇ ಪಿನ್. ಅದರಲ್ಲಿ ಸಿಗ್ನಲ್ ಸೊನ್ನೆಯಿಂದ 7 ವೋಲ್ಟಿನವರೆಗೆ ಏರಿಳಿಯುತ್ತದೆ. ಆ ತಂತಿ ಅರ್ಥಿಗೋ 12 ವೋಲ್ಟಿಗೋ ಅಂಟಿಕೊಂಡರೆ ಅದರ ಮೇಲಿರುವ ಎಲ್ಲ ಮಾಡ್ಯೂಲ್‌ಗಳೂ ಮೂಕವಾಗುತ್ತವೆ. ಬಿಸಿಎಂ ಮಾತಾಡುತ್ತಿಲ್ಲ ಎಂಬ ಕೋಡಿಗೆ ಕಾರಣ ಅದೇ ತಂತಿಯ ಮೇಲಿರುವ ರೇಡಿಯೋ ಆಗಿರಬಹುದು. ಈ ಟ್ರಕ್ಕುಗಳಲ್ಲಿ ಹಲವು ಮಾಡ್ಯೂಲ್‌ಗಳ ತಂತಿಗಳು ಒಂದು ಸ್ಪ್ಲೈಸ್ ಪ್ಯಾಕಿನಲ್ಲಿ ಸೇರುತ್ತವೆ. ಅದರ ಬಾಚಣಿಗೆಯಂಥ ಲೋಹದ ಕ್ಲಿಪ್ ಕಿತ್ತರೆ ಎಲ್ಲವೂ ಬೇರೆಬೇರೆಯಾಗುತ್ತವೆ, ಒಂದೊಂದನ್ನೇ ಸಾಕೆಟ್ಟಿಗೆ ಜೋಡಿಸಿ ತಂತಿಯನ್ನು ಎಳೆದುಹಿಡಿದಿರುವುದು ಯಾವುದು ಅಂತ ಪತ್ತೆ ಮಾಡಬಹುದು.

ಬ್ಯಾಟರಿ ಖಾಲಿಯಾಗುತ್ತದೆ ಎಂಬುದೇ ದೂರು ಆಗಿದ್ದರೆ ಗಾಡಿಯನ್ನು ಮಲಗಿಸಿ ಬ್ಯಾಟರಿಯಿಂದ ಸೋರುವ ಕರೆಂಟನ್ನು ಅಳೆಯಬೇಕು. ಬಾಗಿಲು ತೆರೆದಿಟ್ಟೇ ಲಾಕಿನ ನಾಲಿಗೆಯನ್ನು ಸ್ಕ್ರೂ ಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿ, ಕೀ ತೆಗೆದು ದೂರ ಇಡಿ, ಅರ್ಧ ಗಂಟೆಯಾದರೂ ಬಿಡಿ. ನಂತರ ಕರೆಂಟು 50 ಮಿಲಿಆಂಪಿಯರಿನ ಒಳಗಿರಬೇಕು. ಅರ್ಧ ಆಂಪಿಯರ್ ಸೋರಿದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಗುತ್ತದೆ. 60 ಆಂಪಿಯರ್-ಅವರಿನ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ ಖಾಲಿ. ದಾರಿ ಹುಡುಕಲು ಫ್ಯೂಸ್ ಕೀಳಬೇಡಿ, ಕಿತ್ತು ಹಾಕಿದರೆ ಮಾಡ್ಯೂಲ್ ಎಚ್ಚರಗೊಂಡು ಲೆಕ್ಕ ಕೆಡುತ್ತದೆ. ಫ್ಯೂಸಿನ ತಲೆಯ ಮೇಲಿನ ಎರಡು ಸಣ್ಣ ಕಿಂಡಿಗಳಲ್ಲಿ ಮಿಲಿವೋಲ್ಟ್ ಅಳೆಯಿರಿ. 15 ಆಂಪಿಯರಿನ ಫ್ಯೂಸಿನ ಮೇಲೆ ಎರಡು-ಮೂರು ಮಿಲಿವೋಲ್ಟ್ ಕಂಡರೆ ಸರಿಸುಮಾರು ಅರ್ಧ ಆಂಪಿಯರ್ ಅದರಲ್ಲೇ ಹರಿಯುತ್ತಿದೆ.

ಇಷ್ಟಾದ ಮೇಲೆ ಬಿಸಿಎಂ ತಪ್ಪಿತಸ್ಥ ಅಂತ ಹೇಳಲು ನನ್ನ ಅಳತೆ ಒಂದೇ. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಸ್ವಿಚ್ಚಿನ ಸುದ್ದಿ ಸರಿಯಾಗಿ ಒಳಗೆ ಬರುತ್ತಿರಬೇಕು, ಸ್ಕ್ಯಾನರಿನಿಂದ ಔಟ್‌ಪುಟ್ (ಲೈಟು, ಹಾರ್ನಿನಂಥದ್ದು) ಆನ್ ಅಥವಾ ಆಫ್ ಮಾಡಿದಾಗ ಆಜ್ಞೆ ಹೋದದ್ದು ಕಾಣಬೇಕು, ಫೀಡೂ ಅರ್ಥೂ ಹೊರೆಯ ಕೆಳಗೆ ಗಟ್ಟಿಯಾಗಿರಬೇಕು, ಆದರೂ ಬಿಸಿಎಂನ ಔಟ್‌ಪುಟ್ ಪಿನ್ ಆ ಆಜ್ಞೆಯಂತೆ ನಡೆಯಬಾರದು. ಆಗ ಮಾತ್ರ ಅದು ಕೆಟ್ಟಿದೆ.

ಕೆಟ್ಟಿದ್ದರೆ ಯಾಕೆ ಕೆಟ್ಟಿತು? ಈ ಪ್ರಶ್ನೆಗೆ ಉತ್ತರ ಸಿಗದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಮೊದಲ ಶಂಕೆ ನೀರು. 1997ರಿಂದ 2003ರವರೆಗಿನ ಫೋರ್ಡ್ ಎಫ್-150ರಲ್ಲಿ ಇದೇ ಕೆಲಸದ ಜೆಮ್ ಮಾಡ್ಯೂಲ್ ಎಡಗಡೆ ಡ್ಯಾಶ್ ಅಡಿಯ ಫ್ಯೂಸ್ ಪೆಟ್ಟಿಗೆಯ ಹಿಂದೆ ಕೂತಿದೆ. ಮುಂದಿನ ಗಾಜಿನ ಅಂಟು ಬಿಟ್ಟಲ್ಲಿಂದ ಇಳಿದ ನೀರು ಅದಕ್ಕೇ ಬೀಳುತ್ತದೆ, ಆಮೇಲೆ ವೈಪರ್, ಒಳಲೈಟು, ಫೋರ್ ವೀಲ್ ಡ್ರೈವ್ ಎಲ್ಲ ಹುಚ್ಚಾಟ. ಯಾವ ಟ್ರಕ್ಕಾದರೂ ಗಾಜಿನ ಅಂಚು, ವೈಪರ್ ಕೆಳಗಿನ ಎಲೆ ಕಸ ತುಂಬಿದ ಕಿಂಡಿ, ಕಟ್ಟಿಕೊಂಡ ಎಸಿ ನೀರಿನ ಕೊಳವೆ, ಮೂರನೇ ಬ್ರೇಕ್ ಲೈಟಿನ ರಬ್ಬರ್ ಇವನ್ನು ನೋಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ, ಇನ್ನೊಬ್ಬರು ಹೊರಗಿನಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಡಲಿ. ಒಮ್ಮೆಲೇ ಮೇಲಿನಿಂದ ಸುರಿದರೆ ತೂತು ಯಾವುದು ಅಂತ ಗೊತ್ತಾಗುವುದಿಲ್ಲ.

ಎರಡನೇ ಕಾರಣ ಔಟ್‌ಪುಟ್ ತಂತಿಯ ಶಾರ್ಟ್. ಬಾಗಿಲಿನ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ಮಡಚಿ ಮಡಚಿ ತಂತಿಯ ಹೊದಿಕೆ ಒಡೆಯುತ್ತದೆ. ಆ ರಬ್ಬರ್ ಸರಿಸಿ ನೋಡಲೇಬೇಕು. ಹೊರಗಿನಿಂದ ಹಾಕಿಸಿದ ಅಲಾರಂ, ರಿಮೋಟ್ ಸ್ಟಾರ್ಟ್, ಟ್ರೈಲರ್ ಲೈಟಿನ ಜೋಡಣೆ ಇದ್ದರೆ ಅವುಗಳ ತಂತಿ ಕಚ್ಚುವ ಕ್ಲಿಪ್ಪುಗಳನ್ನೂ ತೆಗೆದು ಸರಿಯಾಗಿ ಬೆಸೆಯಿರಿ. ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿದ್ದು, ಜಂಪ್ ಕೇಬಲ್ ಉಲ್ಟಾ ಹಾಕಿದ್ದು ಕೂಡ ಮಾಡ್ಯೂಲ್ ಕೊಲ್ಲುತ್ತವೆ.

ಬದಲಿಸುವ ಮುಂಚೆ ಹಳೆಯದನ್ನೇ ಒಮ್ಮೆ ತೆರೆದು ನೋಡಲು ಹೇಳುತ್ತೇನೆ. ಕನೆಕ್ಟರಿನ ದಪ್ಪ ಪಿನ್ನುಗಳ ಬುಡದಲ್ಲಿ, ಬೋರ್ಡಿನ ರಿಲೇ ಕಾಲುಗಳ ಸುತ್ತ ಬೆಸುಗೆ ಉಂಗುರದಂತೆ ಬಿರುಕು ಬಿಟ್ಟಿರುವುದು ಭೂತಗನ್ನಡಿಯಲ್ಲಿ ಕಾಣುತ್ತದೆ. ಹಳೆಯ ಬೆಸುಗೆ ತೆಗೆದು ಹೊಸದು ಹಾಕಿದರೆ ಅಷ್ಟೇ ಸಾಕಾಗಬಹುದು. ಅಂಟಿಕೊಂಡ ರಿಲೇಯನ್ನೂ ಬದಲಿಸಬಹುದು. ದುರಸ್ತಿಯ ದೊಡ್ಡ ಲಾಭ, ಗಾಡಿಯ ಗುರುತು, ಕೀ ಮಾಹಿತಿ, ಸೆಟ್ಟಿಂಗು ಎಲ್ಲ ಒಳಗೇ ಉಳಿಯುತ್ತವೆ, ಪ್ರೋಗ್ರಾಮಿಂಗ್ ಬೇಕಿಲ್ಲ. ಹಸಿರು ಕಿಲುಬು ಕಾಲುಗಳ ಕೆಳಗೆ ನುಗ್ಗಿ ತಾಮ್ರದ ಗೆರೆಗಳನ್ನು ತಿಂದಿದ್ದರೆ ಮಾತ್ರ ಆಸೆ ಬಿಡಿ.

ಬದಲಿ ಮಾಡ್ಯೂಲ್ ತರಿಸುವಾಗ ನೋಟಕ್ಕೆ ಒಂದೇ ಥರ ಇದ್ದರೆ ಸಾಲದು, ಪಾರ್ಟ್ ನಂಬರ್ ಹೊಂದಬೇಕು. ಒಂದೇ ವರ್ಷದ ಒಂದೇ ಟ್ರಕ್ಕಿನಲ್ಲೂ ಪವರ್ ವಿಂಡೋ ಇದ್ದದ್ದಕ್ಕೊಂದು, ಇಲ್ಲದ್ದಕ್ಕೊಂದು ಇರಬಹುದು. ಹಳೆಯ ಗಾಡಿಯಿಂದ ಕಿತ್ತ ಮಾಡ್ಯೂಲ್ ಅಗ್ಗ. ಆದರೆ ಅದರೊಳಗೆ ಬೇರೆ ಗಾಡಿಯ ಗುರುತು ಕೂತಿರುತ್ತದೆ, ಕೆಲವು ಮಾದರಿಗಳಲ್ಲಿ ಅದನ್ನು ಅಳಿಸಿ ಬರೆಯಲು ಬರುವುದಿಲ್ಲ. ಓಡಿದ ದೂರದ ಲೆಕ್ಕವೂ ಬಿಸಿಎಂನಲ್ಲೇ ಇರುವ ಗಾಡಿಯಾದರೆ ಮೊದಲೇ ಅದನ್ನು ಬರೆದಿಟ್ಟು, ಸರಿಯಾದ ಅಂಕಿಯನ್ನೇ ಹಾಕಿಸಬೇಕು. ಹಳೆಯ ಮಾಡ್ಯೂಲ್ ಇನ್ನೂ ಮಾತಾಡುತ್ತಿದ್ದರೆ ಬಿಚ್ಚುವ ಮುಂಚೆಯೇ ಅದರ ಎಲ್ಲ ಸೆಟ್ಟಿಂಗುಗಳನ್ನು ಸ್ಕ್ಯಾನರಿನಲ್ಲಿ ಉಳಿಸಿಕೊಳ್ಳಿ, ಆಮೇಲೆ ಆ ಅವಕಾಶ ಸಿಗದು.

ಬಿಚ್ಚುವ ಕೆಲಸದಲ್ಲಿ ಹೇಳುವುದು ಹೆಚ್ಚಿಲ್ಲ. ಕೀ ತೆಗೆಯಿರಿ, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಏರ್‌ಬ್ಯಾಗಿನ ಕೆಪಾಸಿಟರ್ ಖಾಲಿಯಾಗಲು ಆ ಗಾಡಿಯ ಪುಸ್ತಕ ಹೇಳಿದಷ್ಟು ಹೊತ್ತು ಕಾಯಿರಿ. ಸಿಲ್ವೆರಾಡೊದಲ್ಲಿ ಬಿಸಿಎಂ ಸ್ಟಿಯರಿಂಗ್ ಕಂಬದ ಎಡಕ್ಕೆ, ಮೊಣಕಾಲಿನ ಎದುರಿನ ಹಲಗೆಯ ಹಿಂದೆ ಸಿಗುತ್ತದೆ. 7 ಮತ್ತು 10 ಮಿ.ಮೀ. ಸಾಕೆಟ್ ಬೇಕಾಗುತ್ತದೆ. ಕನೆಕ್ಟರುಗಳ ಫೋಟೋ ತೆಗೆದು, ಪ್ರತಿಯೊಂದಕ್ಕೂ ಟೇಪ್ ಅಂಟಿಸಿ ಗುರುತು ಹಾಕಿ. ಸನ್ನೆಯಂಥ ಲಾಕ್ ಇದ್ದರೆ ಪೂರ್ತಿ ತೆರೆದು ಎಳೆಯಿರಿ. ತಂತಿ ಹಿಡಿದು ಜಗ್ಗಬೇಡಿ. ಹೊಸದನ್ನು ಮುಟ್ಟುವ ಮೊದಲು ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಇಳಿಸಿಕೊಳ್ಳಿ, ಪಿನ್ನುಗಳಿಗೆ ಬೆರಳು ತಾಗದಿರಲಿ. ತಂತಿಯ ಕಟ್ಟು ಕನೆಕ್ಟರಿಗೆ ಬರುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವಂತೆ ಕಟ್ಟಿದರೆ ಅಪ್ಪಿತಪ್ಪಿ ನೀರು ಬಂದರೂ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಪ್ರೋಗ್ರಾಮಿಂಗ್ ಮಾಡುವಾಗ ವೋಲ್ಟೇಜ್ ಕುಸಿದರೆ ಹೊಸ ಮಾಡ್ಯೂಲ್ ಅರ್ಧ ಬರೆದ ಸ್ಥಿತಿಯಲ್ಲಿ ಸಾಯಬಹುದು. ಆದ್ದರಿಂದ 13 ವೋಲ್ಟಿನ ಸುತ್ತ ಸ್ಥಿರವಾಗಿ ಕೊಡುವ ಪವರ್ ಸಪ್ಲೈ ಹಾಕಿ. ಹಳೆಯ ಕಾಲದ ಚಾರ್ಜರ್ ಬೇಡ, ಅದರ ವೋಲ್ಟೇಜಿನ ಅಲೆಯೇ ಸಂದೇಶವನ್ನು ಕೆಡಿಸುತ್ತದೆ. ಲೈಟು, ಬ್ಲೋವರ್ ಆರಿಸಿ, ಬಾಗಿಲು ತೆರೆಯುವುದು ಮುಚ್ಚುವುದು ನಿಲ್ಲಿಸಿ, ಲ್ಯಾಪ್‌ಟಾಪನ್ನು ಗೋಡೆಯ ಪ್ಲಗ್ಗಿಗೆ ಹಾಕಿ.

ಪಾಸ್‌ಲಾಕ್ ಎಂಬ ಕಳ್ಳತನ ತಡೆಯುವ ವ್ಯವಸ್ಥೆ ಇರುವ ಸಿಲ್ವೆರಾಡೊ, ಸಿಯೆರಾದಲ್ಲಿ ಪ್ರೋಗ್ರಾಮಿಂಗ್ ಮುಗಿದ ಮೇಲೂ ಎಂಜಿನ್ ಹತ್ತಿಕೊಂಡು ಒಂದೆರಡು ಸೆಕೆಂಡಿಗೆ ಆರಿಹೋಗುವುದುಂಟು. ಬಿಸಿಎಂ ಕಳಿಸುವ ಗುಪ್ತ ಸಂಕೇತವನ್ನು ಎಂಜಿನ್ ಕಂಪ್ಯೂಟರ್ ಒಪ್ಪದೆ ಇಂಜೆಕ್ಟರ್ ನಿಲ್ಲಿಸುವುದೇ ಇದಕ್ಕೆ ಕಾರಣ. ಫ್ಯೂಯಲ್ ಪಂಪ್ ಬದಲಿಸಲು ಓಡಬೇಡಿ. ಒಮ್ಮೆ ಸ್ಟಾರ್ಟ್ ಮಾಡಲು ನೋಡಿ, ಕೀಯನ್ನು ಆನ್‌ನಲ್ಲೇ ಬಿಡಿ. ಸುಮಾರು 10 ನಿಮಿಷಕ್ಕೆ ಸೆಕ್ಯುರಿಟಿ ಲೈಟ್ ಆರುತ್ತದೆ. ಕೀ ಆಫ್ ಮಾಡಿ ಕೆಲವು ಸೆಕೆಂಡು ಬಿಟ್ಟು ಅದನ್ನೇ ಮತ್ತೆ ಮಾಡಿ. ಒಟ್ಟು ಮೂರು ಸಲ, ಅರ್ಧ ಗಂಟೆ. ಆ ನಂತರದ ಸ್ಟಾರ್ಟಿನಲ್ಲಿ ಎಂಜಿನ್ ನಿಲ್ಲುತ್ತದೆಯೋ ಓಡುತ್ತದೆಯೋ ಗೊತ್ತಾಗುತ್ತದೆ. ಆಗಲೂ ಆರಿದರೆ ಇಗ್ನಿಷನ್ ಲಾಕಿನ ಸೆನ್ಸರ್ ಮತ್ತು ಅದರ ತಂತಿಗಳನ್ನು ನೋಡಿ. ಪಾಸ್‌ಲಾಕಿನಲ್ಲಿ ಆ ಸೆನ್ಸರ್ ಕೆಡುವುದು ಬಿಸಿಎಂ ಕೆಡುವುದಕ್ಕಿಂತ ಸಾಮಾನ್ಯ. ಕೀಯೊಳಗೆ ಚಿಪ್ ಇರುವ ಗಾಡಿಗಳಿಗೆ ದಾರಿ ಬೇರೆ. ಅಲ್ಲಿ ಸ್ಕ್ಯಾನರಿನ ಮೂಲಕ ಕೀ ಕಲಿಸಬೇಕಾಗಬಹುದು. ಇರುವ ಎಲ್ಲ ಕೀಗಳನ್ನೂ ಅದೇ ದಿನ ತರಿಸಿ, ತಂದಿಲ್ಲದ ಕೀ ಅಂದಿನಿಂದ ಕೆಲಸ ಮಾಡದಿರಬಹುದು.

ಕೊನೆಗೆ ರಿಮೋಟುಗಳನ್ನು ಮತ್ತೆ ಜೋಡಿಸಿ, ಕೋಡು ಅಳಿಸಿ, ಪ್ರತಿ ಬಾಗಿಲು, ಪ್ರತಿ ಲೈಟು, ವೈಪರಿನ ಪ್ರತಿ ವೇಗ, ಹಾರ್ನು, ಟ್ರೈಲರ್ ಲೈಟು ಎಲ್ಲ ಒಂದೊಂದಾಗಿ ಹಾಕಿ ನೋಡಿ. ಗಾಡಿ ಸ್ವಲ್ಪ ದೂರ ಓಡಿಸಿ ಬಂದು ಕೋಡು ಮತ್ತೆ ಓದಿ. ಅರ್ಧ ಗಂಟೆ ಮಲಗಿಸಿ ಸೋರಿಕೆ ಕರೆಂಟನ್ನು ಇನ್ನೊಮ್ಮೆ ಅಳೆಯಿರಿ. 50 ಮಿಲಿಆಂಪಿಯರಿನ ಒಳಗೆ ಬಂದ ಮೇಲೆಯೇ ಮೊಣಕಾಲಿನ ಹಲಗೆಯನ್ನು ಬೋಲ್ಟ್ ಹಾಕಿ ಮುಚ್ಚಿ.