ನಿಂತು ಕೇಳುವವರ ಜಾತ್ರೆ

ನಮ್ಮ ಕಲಬುರಗಿ ಕಡೆ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೊತ್ತಿಗೆ ನಾನೂ ಅವ್ವನೂ ಲಂಡನ್‌ನಲ್ಲಿದ್ದೆವು. ಅಕ್ಕ ಅಲ್ಲಿದ್ದಾಳೆ ಅನ್ನೋದು ಒಂದು ನೆಪ ಅಷ್ಟೇ. ನನಗೆ ಬೇಕಾಗಿದ್ದು ಪ್ರಾಮ್ಸ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಉತ್ಸವ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಸುಮಾರು 8 ವಾರ, ಹೆಚ್ಚುಕಮ್ಮಿ ದಿನಾ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಛೇರಿ.

ಇದು ಶುರುವಾಗಿದ್ದು 1895ರಲ್ಲಿ. ಒಳ್ಳೆ ಸಂಗೀತ ದುಡ್ಡಿದ್ದವರಿಗೆ ಮಾತ್ರ ಅಂತಾಗಬಾರದು ಅಂತ ಕ್ವೀನ್ಸ್ ಹಾಲ್‌ನ ಮ್ಯಾನೇಜರ್ ರಾಬರ್ಟ್ ನ್ಯೂಮನ್ ಒಂದು ಶಿಲಿಂಗಿಗೆ ಟಿಕೆಟ್ ಇಟ್ಟರು. ಮೊದಲು ಕಛೇರಿ ನಡೀತಿದ್ದ ಆ ಕ್ವೀನ್ಸ್ ಹಾಲ್ 1941ರಲ್ಲಿ ಬಾಂಬ್ ಬಿದ್ದು ಸುಟ್ಟುಹೋಯಿತು, ಆ ವರ್ಷವೇ ಕಛೇರಿಗಳು ಆಲ್ಬರ್ಟ್ ಹಾಲ್‌ಗೆ ಬಂದವು. ನಿಂತು ಕೇಳುವ ಅಗ್ಗದ ಟಿಕೆಟ್ ಮಾತ್ರ ಇಂದಿಗೂ ಹೋಗಿಲ್ಲ. ನಾವು ಹೋದಾಗ 8 ಪೌಂಡ್.

ಅವ್ವ ಅಷ್ಟು ಹೊತ್ತು ನಿಲ್ಲಲಾರಳು, ಕುರ್ಚಿ ಟಿಕೆಟ್ಟೇ ತೆಗೆಸೋಣ ಅಂತ ಅಕ್ಕ. ಅವ್ವ ಕೇಳಲಿಲ್ಲ. "ಅಪ್ಪನ ಜಾತ್ರ್ಯಾಗ ತಾಸುಗಟ್ಲೆ ನಿಂತಾಕಿ ನಾ. ಇದೇನ್ ಮಹಾ?" ಅಂದಳು. ಶರಣಬಸವೇಶ್ವರರ ಜಾತ್ರೆ ಕಂಡವರಿಗೆ ಆ ಮಾತು ಸುಮ್ನೆ ಆಡಿದ್ದಲ್ಲ ಅಂತ ಗೊತ್ತು.

ನಿಲ್ಲೋಕೆ ಎರಡು ಜಾಗ. ವೇದಿಕೆಯ ಎದುರಿಗೇ ಅರೀನಾ, ಮೇಲೆ ಸೂರಿನ ಹತ್ತಿರ ಗ್ಯಾಲರಿ. ಅರೀನಾದಲ್ಲಿ ಪಿಟೀಲಿನವರ ಬೆವರೂ ಕಾಣುತ್ತೆ. ಆದರೆ ಹಿರಿಯರ ಜೊತೆ ಹೋದರೆ ಗ್ಯಾಲರಿಯೇ ಒಳ್ಳೇದು, ಅಲ್ಲಿ ಜನ ನೆಲದ ಮೇಲೆ ಏನಾದರೂ ಹಾಸಿಕೊಂಡು, ಕಣ್ಣು ಮುಚ್ಚಿ ಕೇಳುತ್ತಾ ಕೂತುಬಿಡ್ತಾರೆ. ಅವ್ವ ಶಾಲು ಹಾಸಿ ಗೋಡೆಗೆ ಒರಗಿದಳು.

ಪಿಯಾನೊ ಬಂತು. ಅದರ ಮುಚ್ಚಳ ಎತ್ತುವಾಗ ಕೆಳಗಿನವರೆಲ್ಲ ಒಟ್ಟಿಗೆ "ಹೀವ್" ಅಂದರು, ನಮ್ಮ ಅಕ್ಕಪಕ್ಕದವರು "ಹೋ" ಅಂತ ಕೂಗಿದರು. ಭಾರ ಎಳೆಯುವವರ ಕೂಗು ಅದು, ಇಲ್ಲಿನ ಹಳೇ ರೂಢಿ. ಅವ್ವ ಎದ್ದು ಕೂತಳು. "ತೇರು ಎಳಿಯೋರಂಗ ಕೂಗ್ಲತ್ತಾರಲ್ಲ!" ಅಂತ ನನ್ನ ಕೈ ಹಿಡಿದಳು. ಆಮೇಲೆ ಪಿಯಾನೊ ಮುಗಿಯೋವರೆಗೂ ಆ ಕೈ ಬಿಡಲಿಲ್ಲ. ಆ ಹಾಲ್‌ನಲ್ಲಿ 5,000ಕ್ಕೂ ಜಾಸ್ತಿ ಜನ ಹಿಡಿಸ್ತಾರೆ, ಅಷ್ಟು ಜನರ ನಡುವೆ ಮೆಲ್ಲನೆಯ ಒಂದೊಂದು ಸ್ವರವೂ ಸೂರಿನವರೆಗೆ ಬಂದು ನಮಗೆ ಕೇಳ್ತಿತ್ತು.

ಆಗಸ್ಟ್‌ನಲ್ಲಿ ಹೋಗೋದಾದರೆ ಸ್ಕಾಟ್ಲೆಂಡ್‌ನ ಎಡಿನ್‌ಬರೋವನ್ನೂ ಸೇರಿಸಿಕೊಳ್ಳಿ. ರೈಲಿನಲ್ಲಿ ನಾಲ್ಕೂವರೆ ತಾಸಿನ ದಾರಿ. 1947ರಲ್ಲಿ ಅಲ್ಲಿ ದೊಡ್ಡ ಉತ್ಸವ ಶುರುವಾದಾಗ 8 ನಾಟಕ ತಂಡಗಳು ಯಾರೂ ಕರೆಯದೇ ಬಂದು ಆಡಿದವು, ಅದೇ ಬೆಳೆದು ಫ್ರಿಂಜ್ ಅನ್ನೋ ಬೇರೆಯೇ ಕಲಾ ಉತ್ಸವ ಆಯಿತು. ರೂಮು ಮಾತ್ರ ತಿಂಗಳುಗಟ್ಟಲೆ ಮೊದಲೇ ಹಿಡಿದಿಡಿ.

ಆಲ್ಬರ್ಟ್ ಹಾಲ್‌ನಲ್ಲಿ ಆ ದಿನ ಕಛೇರಿ ನಡುವಿನ ಬಿಡುವಿನಲ್ಲಿ ಅವ್ವ ಕಟಕಟೆ ಹಿಡಿದು ಕೆಳಗೆ ನೋಡಿದಳು. ವೇದಿಕೆಯ ಹಿಂದೆ, ಆರ್ಗನ್ ಮುಂದೆ ಒಂದು ಮೂರ್ತಿ.

"ಯಾರ್ದದು?"

ಹೆನ್ರಿ ವುಡ್, 1895ರಿಂದ 1944ರಲ್ಲಿ ತೀರಿಕೊಳ್ಳೋವರೆಗೂ ಈ ಕಛೇರಿಗಳ ವಾದ್ಯವೃಂದ ನಡೆಸಿದವರು ಅಂದೆ.

"ಐವತ್ತು ವರ್ಷಾ? ಸೇವಾನೇ ಅದು." ಅಲ್ಲಿಂದಲೇ ಕೈ ಮುಗಿದಳು. "ನಾಳೀದೂ ತಗೊಳವ್ವಾ ಟಿಕೇಟು."